ಟೈಪ್ ಒನ್ ಶುಗರ್ ಇಟ್ಕೊಂಡು ದೂರದ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಅಜ್ಜರಕಾಡು ಗ್ರೌಂಡಲ್ಲಿ, ಮಲ್ಪೆ ಬೀಚ್ ರೋಡಲ್ಲಿ, ಕ್ಲಿನಿಕ್ಕಲ್ಲಿ ಟೋಕನ್ ಹಿಡ್ಕೊಂಡು ಕೂತಿರುವಾಗ, ಎಲ್ಲಿ ಹೋದ್ರೂ ಜನ ಕೇಳುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಹಾಗಾಗಿ ಕೇಳಿದವರ ಮಾತಲ್ಲೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟ್ರಲ್ಲ, ಟೈಪ್ ಒನ್ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಖಾಯಿಲೆ) ಇಟ್ಕೊಂಡು ಓಡುವವ ಅಷ್ಟೆ. ಇಲ್ಲಿರುವ ನಂಬ್ರಗಳು ದೊಡ್ಡವರಿಗೆ ಸಾಮಾನ್ಯವಾಗಿ ಹೇಳುವಂಥದ್ದು, ನಿಮ್ಮ ಡೋಸಿಗೆ ಕೈ ಹಾಕುವ ಮೊದ್ಲು ನಿಮ್ಮ ಡಾಕ್ಟ್ರ ಹತ್ರ ಒಂದು ಮಾತು ಕೇಳಿ. ಶುಗರ್ ನಂಬ್ರ ಎಲ್ಲ ನಮ್ಮ ಮೀಟರಲ್ಲಿ ಬರುವ ಮಿಲಿಗ್ರಾಂ ಲೆಕ್ಕದ್ದು.

## ಶುರು ಮಾಡುವವರಿಗೆ

ಟೈಪ್ ಒನ್ ಇದ್ದವ್ರು 10 ಕಿಲೋಮೀಟರ್ ಎಲ್ಲ ಓಡ್ಬಹುದಾ ಮಾರಾಯ್ರೆ, ದಾರಿ ಮಧ್ಯ ಬಿದ್ದುಬಿಟ್ರೆ?

ಓಡ್ಬಹುದು, ಫುಲ್ ಮ್ಯಾರಥಾನ್ ಓಡುವವ್ರೂ ಇದ್ದಾರೆ. ವಾಸಿಂ ಅಕ್ರಂಗೆ 1997ರಲ್ಲಿ ಟೈಪ್ ಒನ್ ಅಂತ ಗೊತ್ತಾದದ್ದು, ಆಮೇಲೂ 2003ರ ವರ್ಲ್ಡ್ ಕಪ್ ತನಕ ಫಾಸ್ಟ್ ಬೌಲಿಂಗ್ ಮಾಡಿದ್ರು, ಒನ್ ಡೇಯಲ್ಲಿ 500ನೇ ವಿಕೆಟ್ ತೆಗೆದದ್ದು ಅದೇ ವರ್ಲ್ಡ್ ಕಪ್ಪಲ್ಲಿ. ಬೀಳುವ ಹೆದರಿಕೆ ಸುಳ್ಳು ಅಂತ ಹೇಳುದಿಲ್ಲ. ಆದ್ರೆ ಹಾಗೆ ಬಿದ್ದವರ ಕಥೆ ಕೇಳಿದ್ರೆ ಹೆಚ್ಚಿನಂಶ ಹೊರಡುವ ಎರಡು ಮೂರು ಗಂಟೆ ಮೊದ್ಲು ಎಷ್ಟು ಇನ್ಸುಲಿನ್ ಚುಚ್ಚಿದ್ದು ಅಂತ ಲೆಕ್ಕ ಇಟ್ಟಿರುದಿಲ್ಲ, ಈ ಪುಟದ ಮುಕ್ಕಾಲು ಪಾಲು ಅದೇ ಲೆಕ್ಕ.

ಶುರು ಮಾಡುವ ಮೊದ್ಲು ಕಣ್ಣು, ಪಾದ, ಬಿಪಿ, ಕಿಡ್ನಿ ಒಮ್ಮೆ ಚೆಕ್ ಮಾಡಿಸಿ. ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದು ರಕ್ತ ಸೋರುವ ಹಂತದಲ್ಲಿದ್ರೆ ಕಣ್ಣಿನ ಡಾಕ್ಟ್ರು ಓಕೆ ಹೇಳುವ ತನಕ ಜೋರು ಓಟ ಬೇಡ.

ನಮ್ಮ ಮಾವ ದಿನಾ ವಾಕಿಂಗ್ ಮಾಡಿ ಶುಗರ್ ಮಾತ್ರೆ ಬಿಟ್ರು, ನೀವು ಇಷ್ಟು ಓಡ್ತೀರಿ, ಇನ್ನೂ ಇನ್ಸುಲಿನ್ ಬಿಡ್ಲಿಲ್ವಾ?

ಮದುವೆ ಮನೆಯಲ್ಲಿ ಎಲೆ ಹಾಕಿ ಕೂತಾಗ ಖಾಯಂ ಬರುವ ಪ್ರಶ್ನೆ ಇದು. ನಿಮ್ಮ ಮಾವನದ್ದು ಟೈಪ್ ಟೂ, ಅವರಿಗೆ ಇನ್ಸುಲಿನ್ ಒಳಗೇ ತಯಾರಾಗ್ತದೆ, ಸರಿಯಾಗಿ ಕೆಲಸ ಮಾಡುದಿಲ್ಲ, ವಾಕಿಂಗ್ ಮಾಡಿದ್ರೆ ಸುಧಾರಿಸ್ತದೆ. ಟೈಪ್ ಒನ್‌ನಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನೇ ದೇಹದ ರೋಗನಿರೋಧಕ ವ್ಯವಸ್ಥೆ ಕೊಂದು ಹಾಕಿರ್ತದೆ. 1922ರಲ್ಲಿ ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಡುವ ಮೊದ್ಲು ಈ ಖಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕ್ತಾನೇ ಇರ್ಲಿಲ್ಲ. ಓಡಿದ್ರೆ ಡೋಸ್ ಕಮ್ಮಿ ಆಗ್ಬಹುದು, ಸೊನ್ನೆ ಆಗುದಿಲ್ಲ. ಬಿಟ್ರೆ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗುವಾಗ ರಕ್ತದಲ್ಲಿ ತುಂಬುವ ಆಮ್ಲ) ಏರಿ ಐಸಿಯು ಸೇರ್ಬೇಕಾಗ್ತದೆ. ಹಾಗಲಕಾಯಿ ರಸ ಬೇಕಾದ್ರೆ ಕುಡೀರಿ, ಇನ್ಸುಲಿನ್ ಪೆನ್ ಮಾತ್ರ ಬಿಡ್ಬೇಡಿ.

ಓಡಿದ್ರೆ ಶುಗರ್ ಇಳೀತದಲ್ಲ, ಅದು ಒಳ್ಳೇದೇ ಅಲ್ವಾ, ಮತ್ತೆ ಹೆದರುದು ಯಾಕೆ?

ಇಳಿಯುದು ಒಳ್ಳೇದು, ನಿಲ್ಲದೆ ಇಳಿಯುದು ತೊಂದರೆ. ಓಡುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಗ್ಲುಕೋಸ್ ಎಳ್ಕೊಳ್ತವೆ. ಶುಗರ್ ಇಲ್ಲದವರಲ್ಲಿ ಆಗ ಪ್ಯಾಂಕ್ರಿಯಾಸ್ ಇನ್ಸುಲಿನ್ ಕಮ್ಮಿ ಮಾಡ್ತದೆ, ಲಿವರ್ ಗ್ಲುಕೋಸ್ ಬಿಡ್ತದೆ, ಎರಡೂ ಸರಿ ಹೊಂದ್ತದೆ. ನಮ್ಮಲ್ಲಿ ಚುಚ್ಚಿ ಆಗಿದೆ, ಬಿಟ್ಟ ಬಾಣ, ವಾಪಸ್ ತೆಗೀಲಿಕ್ಕೆ ಬರುದಿಲ್ಲ. ಅದ್ರ ಮೇಲೆ ಮೈ ಬಿಸಿಯಾಗಿ ರಕ್ತ ಜೋರು ಓಡಿದಾಗ ಚರ್ಮದ ಅಡಿಯಲ್ಲಿದ್ದ ಇನ್ಸುಲಿನ್ ಇನ್ನೂ ಬೇಗ ಒಳಗೆ ಹೋಗ್ತದೆ, ಇನ್ಸುಲಿನ್ ಜಾಸ್ತಿ ಇದ್ದಾಗ ಲಿವರ್ ಕೂಡ ಗ್ಲುಕೋಸ್ ಬಿಡ್ಲಿಕ್ಕೆ ಹಿಂದೆಮುಂದೆ ನೋಡ್ತದೆ. ಅದಕ್ಕೇ ಒಬ್ಬನೇ ಮನುಷ್ಯ ಅದೇ 5 ಕಿಲೋಮೀಟರ್ ಬೆಳಿಗ್ಗೆ ಇಂಜೆಕ್ಷನ್ ಮೊದ್ಲು ಓಡಿದ್ರೆ ಎಂತದ್ದೂ ಆಗುದಿಲ್ಲ, ತಿಂಡಿ ತಿಂದು ಇಂಜೆಕ್ಷನ್ ತಗೊಂಡು ಒಂದು ಗಂಟೆ ಬಿಟ್ಟು ಓಡಿದ್ರೆ ಮೂರನೇ ಕಿಲೋಮೀಟರಿಗೇ ಕಾಲು ನಡುಗ್ತದೆ.

ಹೊರಡುವಾಗ ಶುಗರ್ ಎಷ್ಟಿದ್ರೆ ಸೇಫ್?

ಆರಾಮದ ಓಟಕ್ಕೆ 126ರಿಂದ 180ರ ನಡುವೆ ಇದ್ರೆ ಒಳ್ಳೇದು. 90ಕ್ಕಿಂತ ಕಮ್ಮಿ ಇದ್ರೆ 10ರಿಂದ 20 ಗ್ರಾಂ ಗ್ಲುಕೋಸ್ ತಗೊಂಡು, 90 ದಾಟುವ ತನಕ ಕಾದು ಹೊರಡಿ. 90ರಿಂದ 125 ಇದ್ರೆ ಒಂದು 10 ಗ್ರಾಂ ಬಾಯಿಗೆ ಹಾಕ್ಕೊಂಡು ಹೋಗ್ಬಹುದು. 180 ದಾಟಿದ್ರೂ 270ರ ಒಳಗಿದ್ದು, ಊಟ ಮಾಡಿದ್ದಕ್ಕೆ ಏರಿದ್ದು ಅಂತ ಗೊತ್ತಿದ್ರೆ ಓಡಿ. 270 ಮೇಲೆ ಇದ್ದು ಕಾರಣ ಗೊತ್ತಿಲ್ಲ ಅಂತಾದ್ರೆ ಮೊದ್ಲು ಕೀಟೋನ್ ನೋಡಿ.

ನಂಬ್ರ ಒಂದೇ ನೋಡಿದ್ರೆ ಸಾಲುದಿಲ್ಲ. 140 ಇದ್ದು ಇಳೀತಾ ಇರುದು ಬೇರೆ, 140ರಲ್ಲೇ ಅರ್ಧ ಗಂಟೆಯಿಂದ ನಿಂತಿರುದು ಬೇರೆ. ಸೆನ್ಸರ್ (ಮೈಗೆ ಅಂಟಿಸಿ ಶುಗರ್ ನೋಡ್ತಾ ಇರುವ ಸಾಧನ) ಇಲ್ಲದವ್ರು ಅರ್ಧ ಗಂಟೆ ಬಿಟ್ಟು ಎರಡು ಸಲ ಬೆರಳು ಚುಚ್ಚಿ, ಸ್ಟ್ರಿಪ್ ಹಾಳು ಅಂತ ಲೆಕ್ಕ ಹಾಕ್ಬೇಡಿ.

ಜೇಬಲ್ಲಿ ಎಂತ ಇಟ್ಕೊಳ್ಳುದು? ಲೋ ಆದ್ರೆ, ಅಂದ್ರೆ ಶುಗರ್ ತೀರಾ ಇಳಿದ್ರೆ, ದಾರಿಯಲ್ಲಿ ಒಂದು ಬೊಂಡ ಕುಡಿದ್ರೆ ಸಾಕಲ್ಲ?

ಬೊಂಡ ಸಾಲುದಿಲ್ಲ. ಎಳನೀರಲ್ಲಿ 100 ಮಿಲಿಗೆ ಸಕ್ಕರೆ ಇರುದು ಸುಮಾರು 3ರಿಂದ 5 ಗ್ರಾಂ, ಒಂದು ಬೊಂಡ ಪೂರ್ತಿ ಕುಡಿದ್ರೂ ಲೋಗೆ ಬೇಕಾದ 15 ಗ್ರಾಂ ಸಿಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಮತ್ತೆ ಬೆಳಿಗ್ಗೆ ಐದೂವರೆಗೆ ನಿಮಗೆ ಬೊಂಡ ಕೆತ್ತಿ ಕೊಡುವವ್ರು ಯಾರು? ಒಆರ್‌ಎಸ್ ಬಗ್ಗೆಯೂ ಜನಕ್ಕೆ ಇದೇ ತಪ್ಪು ಕಲ್ಪನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್‌ನಲ್ಲಿ ಇಡೀ ಒಂದು ಲೀಟರಿಗೆ ಗ್ಲುಕೋಸ್ 13.5 ಗ್ರಾಂ ಮಾತ್ರ, ಅದು ಇರುದು ಉಪ್ಪು-ನೀರಿಗಾಗಿ. ಚಾಕ್ಲೇಟ್, ಕಡ್ಲೆ ಚಿಕ್ಕಿಯಲ್ಲಿ ಕೊಬ್ಬು ಇರುದ್ರಿಂದ ನಿಧಾನ.

ಬೇಕಾದದ್ದು ಬರೀ ಗ್ಲುಕೋಸ್ ಪುಡಿ ಇಲ್ಲಾ ಸಕ್ಕರೆ, ಟೀ ಚಮಚದಲ್ಲಿ ಮೂರ್ನಾಲ್ಕು ಚಮಚ ಅಂದ್ರೆ ಹತ್ರಹತ್ರ 15 ಗ್ರಾಂ. ಸಣ್ಣ ಜಿಪ್ ಕವರಲ್ಲಿ ಒಂದೊಂದು ಡೋಸ್ ಬೇರೆ ಬೇರೆ ಕಟ್ಟಿಟ್ಟು, ಬೇಕಾಗುದಕ್ಕಿಂತ ಒಂದೆರಡು ಜಾಸ್ತಿಯೇ ಇಟ್ಕೊಳ್ಳಿ. ನಮ್ಮ ಕಡೆ ಒಂದು ಕಿರಿಕಿರಿ ಉಂಟು, ಬೆವರು ತಾಗಿ ಪುಡಿ ಎರಡೇ ದಿನದಲ್ಲಿ ಕಲ್ಲಾಗ್ತದೆ, ಲೋ ಆದ ಕೈಯಲ್ಲಿ ಆ ಗಟ್ಟಿ ಒಡೆದು ಬಾಯಿಗೆ ಹಾಕುದು ಸಾವು. ವಾರಕ್ಕೊಮ್ಮೆ ಹೊಸ ಪುಡಿ ತುಂಬಿಸಿ, ಹಲ್ಲಲ್ಲಿ ಹರೀಲಿಕ್ಕೆ ಆಗುವ ಕವರೇ ತಗೊಳ್ಳಿ.

ಮಗಳಿಗೆ 13 ವರ್ಷ, ಪಿಟಿ ಸರ್ ಓಟಕ್ಕೆ ಸೇರಿಸುದೇ ಇಲ್ಲ, ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ ಅಂತ ಕೇಳ್ತಾರೆ. ಎಂತ ಮಾಡುದು?

ನೀವೇ ಹೋಗಿ ಸರ್ ಹತ್ರ ಕೂತು ಮಾತಾಡಿ, ಡೈರಿಯಲ್ಲಿ ಬರೆದು ಕಳಿಸಿದ್ರೆ ಕೆಲಸ ಆಗುದಿಲ್ಲ. ಅವ್ರ ಹೆದರಿಕೆಗೂ ಕಾರಣ ಉಂಟಲ್ಲ. ಒಂದೇ ಹಾಳೆಯಲ್ಲಿ ಬರೆದು ಕೊಡಿ: ಓಡುವ ಮೊದ್ಲು ಚೆಕ್ ಮಾಡ್ಬೇಕು, ಲೋ ಆದ್ರೆ ಹುಡುಗಿ ಹೇಗೆ ಕಾಣ್ತಾಳೆ (ಬಿಳುಚಿಕೊಳ್ಳುದು, ಮಾತು ತಪ್ಪುದು, ಸುಮ್ಮನೆ ಸಿಟ್ಟು ಮಾಡುದು), ಆಗ ಎಷ್ಟು ಗ್ಲುಕೋಸ್ ಕೊಡ್ಬೇಕು, ಲೋ ಆದ ಮಗುವನ್ನು ಒಬ್ಬಳನ್ನೇ ಕ್ಲಾಸಿಗೆ, ಸಿಕ್ ರೂಮಿಗೆ ಕಳಿಸ್ಬಾರ್ದು, ಪ್ರಜ್ಞೆ ಇಲ್ಲದಿದ್ರೆ ಬಾಯಿಗೆ ಎಂತದ್ದೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್. ಡಾಕ್ಟ್ರ ಸಹಿ ಇರುವ ಚೀಟಿ ಜೊತೆಗಿದ್ರೆ ಹೆಡ್ ಮಾಸ್ಟ್ರೂ ಒಪ್ತಾರೆ. ಸರ್ ಟೇಬಲ್ ಡ್ರಾಯರಲ್ಲಿ ಒಂದು ಗ್ಲುಕೋಸ್ ಡಬ್ಬಿ, ಮಗಳ ಬ್ಯಾಗಲ್ಲಿ ಇನ್ನೊಂದು. ಮಕ್ಕಳ ಡೋಸ್ ದೊಡ್ಡವರದ್ದಲ್ಲ, ತೂಕ ನೋಡಿ ಡಾಕ್ಟ್ರು ಹೇಳ್ತಾರೆ.

ಯಾವ ದಿನ ಓಡ್ಲೇಬಾರ್ದು?

ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಜೋರು ಲೋ ಆಗಿದ್ರೆ. ರಕ್ತದ ಕೀಟೋನ್ 1.5 ಇಲ್ಲಾ ಅದ್ರ ಮೇಲಿದ್ರೆ. 0.6ರಿಂದ 1.4 ಇದ್ರೂ ಮೊದ್ಲು ಅದನ್ನು ಸರಿ ಮಾಡ್ಕೊಳ್ಳಿ. ಜ್ವರ, ವಾಂತಿ ಇದ್ರೆ. ಅಷ್ಟೆ. ಬಾಕಿ ದಿನ ಉದಾಸೀನ ಬಂದ್ರೆ ಅದಕ್ಕೆ ಶುಗರನ್ನು ದೂರ್ಬೇಡಿ.

## ಓಡಿ ಸ್ವಲ್ಪ ಅಭ್ಯಾಸ ಆದವರಿಗೆ

ಖಾಲಿ ಹೊಟ್ಟೆಯಲ್ಲಿ ಓಡುದಾ, ಎರಡು ಇಡ್ಲಿ ತಿಂದು ಓಡುದಾ?

ಒಂದು ಗಂಟೆ ಒಳಗಿನ ಆರಾಮದ ಓಟ ಆದ್ರೆ ನನ್ನ ಓಟು ಖಾಲಿ ಹೊಟ್ಟೆಗೆ. ರಾತ್ರಿ ಊಟದ ಇನ್ಸುಲಿನ್ ಅಷ್ಟೊತ್ತಿಗೆ ಮುಗಿದಿರ್ತದೆ, ಬೇಸಲ್ (ದಿನವಿಡೀ ನಿಧಾನ ಕೆಲಸ ಮಾಡುವ ಇನ್ಸುಲಿನ್) ಮಾತ್ರ ಇರ್ತದೆ, ಶುಗರ್ ಹೆಚ್ಚು ಅಲ್ಲಾಡುದಿಲ್ಲ. ಕೆಲವರಿಗೆ ಬೆಳಗಿನ ಹಾರ್ಮೋನ್‌ಗಳಿಂದ ಏರುದೂ ಉಂಟು, ಗಾಬರಿ ಬೇಡ. ತಿಂದು ಓಡುದಾದ್ರೆ ಇಡ್ಲಿಗೆ ಹಾಕಿದ ಇನ್ಸುಲಿನ್ ಸರಿಯಾಗಿ ಓಟದ ಹೊತ್ತಿಗೇ ಜೋರು ಇರ್ತದೆ, ಅದಕ್ಕೆ ಡೋಸ್ ಕಮ್ಮಿ ಮಾಡ್ಬೇಕು ಇಲ್ಲಾ ಮೂರು ಗಂಟೆ ಕಾಯ್ಬೇಕು. ಮೂರು ಗಂಟೆ ಕಾದ್ರೆ ನಮ್ಮೂರ ಬಿಸಿಲಲ್ಲಿ ಓಡುವವ್ರು ಯಾರು ಹೇಳಿ.

ಹಾಗಾದ್ರೆ ತಿಂಡಿಯ ಇನ್ಸುಲಿನ್ ಎಷ್ಟು ಕಮ್ಮಿ ಮಾಡ್ಲಿ?

ತಿಂದು ಒಂದೂವರೆ ಗಂಟೆ ಒಳಗೆ ಓಡ್ಲಿಕ್ಕುಂಟು ಅಂತಾದ್ರೆ ಆ ಹೊತ್ತಿನ ಊಟದ ಡೋಸನ್ನು 25ರಿಂದ 75 ಶೇಕಡಾ ತನಕ ಇಳಿಸುದು ರೂಢಿ. ಅರ್ಧ ಗಂಟೆ ಜಾಗಿಂಗಿಗೆ ಕಮ್ಮಿ ಕಡಿತ, ಒಂದು ಗಂಟೆ ಓಟಕ್ಕೆ ಜಾಸ್ತಿ. ಇಷ್ಟು ದೊಡ್ಡ ವ್ಯತ್ಯಾಸ ಯಾಕೆ ಅಂತ ಕೇಳಿದ್ರೆ ಮನುಷ್ಯರೇ ಅಷ್ಟು ಬೇರೆ ಬೇರೆ. ಒಂದು ನೋಟ್ ಬುಕ್ ಇಡಿ, ಹೊರಡುವಾಗಿನ ಶುಗರ್, ಕೊನೆಯ ಡೋಸ್ ಎಷ್ಟು ಮತ್ತು ಎಷ್ಟು ಹೊತ್ತಿಗೆ, ಎಷ್ಟು ಓಡಿದ್ದು, ಮುಗಿಸುವಾಗ ಎಷ್ಟು. ಒಂದು ತಿಂಗಳು ಬರೆದ್ರೆ ನಿಮ್ಮ ಶೇಕಡಾ ಎಷ್ಟು ಅಂತ ಆ ಪುಸ್ತಕವೇ ಹೇಳ್ತದೆ, ಡಾಕ್ಟ್ರಿಗೂ ಅದನ್ನೇ ತೋರಿಸಿ, ಬಾಯಲ್ಲಿ ಹೇಳಿದ್ರೆ ಅವ್ರಿಗೂ ಮಂಡೆ ಬಿಸಿ.

ನನಗೆ ಆಸ್ಪತ್ರೆಯಲ್ಲಿ ಕೊಡುದು 30/70 ಇನ್ಸುಲಿನ್, ಬೆಳಿಗ್ಗೆ ಒಂದು ರಾತ್ರಿ ಒಂದು. ಇದ್ರಲ್ಲಿ ಓಟ ಆಗ್ತದಾ?

ಆಗ್ತದೆ, ಆದ್ರೆ ಹೊಂದಿಸ್ಲಿಕ್ಕೆ ಜಾಗ ಕಮ್ಮಿ. ಇದ್ರಲ್ಲಿ 70 ಭಾಗ ನಿಧಾನದ್ದು, ಅದು ಜೋರಾಗುದು ಚುಚ್ಚಿದ ನಾಲ್ಕು ಗಂಟೆ ಮೇಲೆ, ಹತ್ತು ಗಂಟೆ ತನಕವೂ ಎಳೀತದೆ. ಬೆಳಿಗ್ಗೆ ಎಂಟಕ್ಕೆ ತಗೊಂಡದ್ದು ಸಂಜೆ ಐದಕ್ಕೆ ನೀವು ಶೂ ಹಾಕುವಾಗಲೂ ಒಳಗೆ ಉಂಟು, ಅದಕ್ಕೆ ಸಂಜೆ ಓಟದಲ್ಲಿ ಇಂಥವರಿಗೆ ಲೋ ಜಾಸ್ತಿ. ಬೆಳಗಿನ ಇಂಜೆಕ್ಷನ್‌ಗೆ ಮೊದ್ಲು ಓಡುದು ಒಳ್ಳೇದು, ಸಂಜೆಯೇ ಸಮಯ ಸಿಗುದು ಅಂತಾದ್ರೆ ಹೊರಡುವ ಮೊದ್ಲು ಎರಡು ಬಾಳೆಹಣ್ಣು ಏನಾದ್ರೂ ತಿಂದೇ ಹೋಗಿ. ಓಟ ಸೀರಿಯಸ್ ಆಯ್ತು ಅಂತಾದ್ರೆ ಬೇಸಲ್ ಬೇರೆ, ಊಟದ್ದು ಬೇರೆ ಮಾಡ್ಲಿಕ್ಕಾಗ್ತದಾ ಅಂತ ಡಾಕ್ಟ್ರ ಹತ್ರ ಕೇಳಿ.

ಇಂಜೆಕ್ಷನ್ ತೊಡೆಗೇ ತಗೊಳ್ಳುದು ನಾನು, ತೊಂದರೆ ಉಂಟಾ?

ಓಟದ ಮೊದ್ಲು ಬೇಡ, ಓಡುವ ಕಾಲಿಂದ ಬೇಗ ಹೀರಿಕೊಳ್ತದೆ. ಹೊಟ್ಟೆಗೆ ತಗೊಳ್ಳಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ರೆ ಅಲ್ಲಿಗೂ ಬೇಡ, ಯಾವಾಗ ಎಷ್ಟು ಒಳಗೆ ಹೋಗ್ತದೆ ಅಂತ ಗೊತ್ತೇ ಆಗುದಿಲ್ಲ.

ಓಡ್ತಾ ಇರುವಾಗ ಲೋ ಆಯ್ತು, ನಿಲ್ಸುದಾ, ನಡೀತಾ ಹೋಗುದಾ?

ನಿಲ್ಸಿ. 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ತಗೊಂಡು ಕೂತ್ಕೊಳ್ಳಿ, 15 ನಿಮಿಷ ಬಿಟ್ಟು ನೋಡಿ, ಏರ್ಲಿಲ್ಲ ಅಂದ್ರೆ ಇನ್ನೊಂದು 15. 90-100 ದಾಟಿ ತಲೆ ಸರಿ ಆದ ಮೇಲೆ ನಿಧಾನ ಓಡ್ಬಹುದು. 54ರ ಕೆಳಗೆ ಹೋಗಿದ್ರೆ ಅವತ್ತಿನ ಓಟ ಮುಗೀತು, ಆಟೋ ಹಿಡೀರಿ. ಹೆದ್ದಾರಿ 66ರ ಬದಿಯಲ್ಲಿ ಓಡುವವ್ರು ಮೊದ್ಲು ರಸ್ತೆಯಿಂದ ಇಳಿದು ಆಮೇಲೆ ಪುಡಿ ಕವರ್ ಹುಡುಕಿ, ಲೋ ಆದವನಿಗೆ ಟ್ಯಾಂಕರ್ ಎಷ್ಟು ಹತ್ರ ಉಂಟು ಅಂತ ಅಂದಾಜು ಸಿಗುದಿಲ್ಲ.

ನಮ್ಮ ಈ ಸೆಕೆಯಲ್ಲಿ ಓಡಿದ್ರೆ ಹೇಗೂ ಬೆವರು ಸುರೀತದೆ, ಲೋದ ಬೆವರು ಯಾವುದು ಅಂತ ಗೊತ್ತಾಗುದು ಹೇಗೆ?

ತುಂಬ ಒಳ್ಳೆ ಪ್ರಶ್ನೆ, ಪುಸ್ತಕದಲ್ಲಿ ಲೋ ಅಂದ್ರೆ ಬೆವರು, ಎದೆ ಡವಡವ, ನಡುಕ ಅಂತ ಬರೆದಿರ್ತದೆ, ಪಣಂಬೂರಲ್ಲಿ ಏಪ್ರಿಲ್ ತಿಂಗಳು ಓಡಿದ ಯಾರಿಗೂ ಈ ಮೂರೂ ಉಂಟು. ಹಾಗಾಗಿ ಬೇರೆ ಗುರುತು ಇಟ್ಕೊಳ್ಬೇಕು. ತುಟಿ ಸುತ್ತ ಜೋಮು, ಕಣ್ಣು ಮಂಜು, ಪೇಸ್ ಕಾರಣವಿಲ್ಲದೆ ಬಿದ್ದುಹೋಗುದು, ಜೊತೆಗೆ ಓಡುವವನ ಮಾತಿಗೆ ಸುಮ್ಮನೆ ಕೋಪ ಬರುದು, ಕಿಲೋಮೀಟರ್ ಲೆಕ್ಕ ತಪ್ಪುದು. ನಾನು ಓಡುವಾಗ ಆಗಾಗ ಮನಸ್ಸಲ್ಲೇ 17ರ ಮಗ್ಗಿ ಹೇಳ್ತೇನೆ, ತಡವರಿಸಿದ್ರೆ ಮೀಟರ್ ತೆಗೀತೇನೆ. ಸಂಶಯ ಬಂದ್ರೆ, ಚೆಕ್ ಮಾಡ್ಲಿಕ್ಕೆ ಆಗದಿದ್ರೆ, ಲೋ ಅಂತಲೇ ತಿಳ್ಕೊಂಡು ಸಕ್ಕರೆ ತಗೊಳ್ಳಿ.

ಚೆಕ್ ಮಾಡುವಾಗ ಇನ್ನೊಂದು ವಿಷಯ. ಗ್ಲುಕೋಸ್ ಪುಡಿ, ಬಾಳೆಹಣ್ಣು ಮುಟ್ಟಿದ ಬೆರಳಲ್ಲೇ ಚುಚ್ಚಿದ್ರೆ ಮೀಟರ್ 60 ಇದ್ದದ್ದನ್ನು 200 ಅಂತಲೂ ತೋರಿಸ್ಬಹುದು. ಕುಡಿಯುವ ನೀರಲ್ಲಿ ಬೆರಳು ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ಇನ್ಸುಲಿನ್ ಪೆನ್ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಓಡ್ಲಿಕ್ಕೆ ಹೋಗುದು, ಸರಿಯಾ?

ಬೇಡವೇ ಬೇಡ. ತೆರೆದ ಪೆನ್ ಹೊರಗೆ ಇಡ್ಬಹುದು, ಹೆಚ್ಚಿನವು ಸುಮಾರು 28 ದಿನ, ಆದ್ರೆ 30 ಡಿಗ್ರಿ ಒಳಗೆ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿ ಅದನ್ನು ಎಷ್ಟೋ ದಾಟ್ತದೆ. ಕೆಟ್ಟ ಇನ್ಸುಲಿನ್ ನೋಡ್ಲಿಕ್ಕೆ ಸರಿಯಾಗೇ ಕಾಣ್ಬಹುದು, ಶುಗರ್ ಇಳಿಯದಾಗಲೇ ಗೊತ್ತಾಗುದು. ತೆರೆಯದ್ದು ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ, ಫ್ರೀಜರ್‌ಗೆ ತಾಗಿಸ್ಬೇಡಿ. ಮಳೆಗಾಲದಲ್ಲಿ ಸ್ಟ್ರಿಪ್ಪಿಗೂ ಜಾಗ್ರತೆ, ಡಬ್ಬಿಯಿಂದ ಎರಡು ತೆಗೆದು ಜೇಬಿಗೆ ಹಾಕಿದ್ರೆ ತೇವಕ್ಕೆ ತಪ್ಪು ರೀಡಿಂಗ್ ಬರ್ತದೆ, ಡಬ್ಬಿ ಸಮೇತ ಒಯ್ಯಿರಿ.

## ಉದ್ದ ಓಟ, ರೇಸ್, ರಾತ್ರಿ

ಸೆನ್ಸರ್ 110 ತೋರಿಸ್ತದೆ, ಆದ್ರೆ ನನಗೆ ಲೋ ಆದ ಹಾಗೆ ಆಗ್ತದೆ. ಯಾರನ್ನು ನಂಬುದು?

ನಿಮ್ಮನ್ನು. ಸೆನ್ಸರ್ ನೋಡುದು ಚರ್ಮದ ಅಡಿಯ ದ್ರವದ ಗ್ಲುಕೋಸ್, ರಕ್ತದ್ದಲ್ಲ. ಶುಗರ್ ಬೇಗ ಇಳೀತಾ ಇರುವಾಗ ಅದು ಹತ್ತಿಪ್ಪತ್ತು ನಿಮಿಷ ಹಿಂದೆ ಬಿದ್ದಿರ್ತದೆ. ಓಡುವಾಗ ನಂಬ್ರಕ್ಕಿಂತ ಬಾಣದ ಗುರುತು ನೋಡಿ, 130 ಇದ್ದು ಬಾಣ ಕೆಳಗಿದ್ರೆ ಆಗಲೇ ತಿನ್ನಿ. ಅಲಾರಂ 70ಕ್ಕೆ ಬೇಡ, ಓಟದ ಹೊತ್ತು 100ಕ್ಕೆ ಇಡಿ. ರಾತ್ರಿ ಉಲ್ಟಾ ಆಗ್ತದೆ, ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದ್ರೆ ಸುಮ್ಮನೆ ಲೋ ಅಂತ ಕೂಗ್ತದೆ. ಬೆವರಿಗೆ ಸೆನ್ಸರ್ ಕಿತ್ತು ಬರುದು ನಮ್ಮೂರ ಮಾಮೂಲಿ ಗೋಳು, ಮೇಲಿಂದ ಟೇಪ್ ಹಾಕದೆ ಆಗುದಿಲ್ಲ.

21 ಕಿಲೋಮೀಟರಿಗೆ ದಾರಿಯಲ್ಲಿ ಎಷ್ಟು ತಿನ್ನುದು, ಯಾವಾಗ?

ಒಂದು ಗಂಟೆ ದಾಟುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ), ಶುಗರ್ ಇಲ್ಲದ ಓಟಗಾರರೂ ಇಷ್ಟೇ ತಿನ್ನುದು. ಒಟ್ಟಿಗೆ ತಿನ್ನದೆ 20 ನಿಮಿಷಕ್ಕೊಮ್ಮೆ 10-15 ಗ್ರಾಂ. ಒಂದು ಸಣ್ಣ ಕದಳಿ ಬಾಳೆಹಣ್ಣಲ್ಲಿ ಹತ್ರಹತ್ರ ಅಷ್ಟು ಉಂಟು, ಓಟಗಾರರು ಹೀರುವ ಸಿಹಿ ಜೆಲ್ ಆದ್ರೆ ಪ್ಯಾಕೆಟ್ ಹಿಂದೆ ಬರೆದಿರ್ತದೆ. ಲೋ ಆಗ್ಲಿ ಆಮೇಲೆ ತಿನ್ನುವ ಅಂತ ಕಾಯ್ಬೇಡಿ. ಒಳಗೆ ಇನ್ಸುಲಿನ್ ಜಾಸ್ತಿ ಇಟ್ಕೊಂಡು ಹೊರಟ್ರೆ ಎಷ್ಟು ತಿಂದ್ರೂ ಸಾಲುದಿಲ್ಲ, ಹೊಟ್ಟೆ ತೊಳಸ್ತದೆ, ಅದಕ್ಕೇ ಉದ್ದ ಓಟದ ದಿನ ಮೊದ್ಲಿನ ಡೋಸ್ ಸರಿ ಮಾಡುದೇ ಮುಖ್ಯ, ತಿನ್ನುದು ಆಮೇಲಿನ ಮಾತು. ರೇಸ್ ದಿನ ಎಂತ ತಿನ್ಲಿಕ್ಕುಂಟೋ ಅದನ್ನೇ ಭಾನುವಾರದ ಲಾಂಗ್ ರನ್ನಲ್ಲೂ ತಿಂದು ನೋಡಿ.

ಮನೆಯಲ್ಲಿ 130 ಇತ್ತು, ರೇಸಿನ ಸ್ಟಾರ್ಟ್ ಲೈನಲ್ಲಿ 250! ಎಂತದ್ದೂ ತಿನ್ಲಿಲ್ಲ, ಇನ್ಸುಲಿನ್ ತಗೊಳ್ಲಾ?

ಅದು ಅಡ್ರಿನಲಿನ್ ಕೆಲಸ, ಟೆನ್ಷನ್ನಿಗೆ ಲಿವರ್ ಗ್ಲುಕೋಸ್ ಸುರೀತಾ ಉಂಟು. ಪೂರ್ತಿ ಕರೆಕ್ಷನ್ (ಏರಿದ ಶುಗರ್ ಇಳಿಸುವ ಡೋಸ್) ತಗೊಂಡ್ರೆ ಆರನೇ ಏಳನೇ ಕಿಲೋಮೀಟರಲ್ಲಿ ಅಡ್ರಿನಲಿನ್ ಇಳಿದು, ಇನ್ಸುಲಿನ್ ಏರಿ, ಎರಡೂ ಸೇರಿ ಕೆಡವ್ತದೆ. ಬೆಳಗಿನ ಬೇಸಲ್ ತಪ್ಪಿಸಿಲ್ಲ, ಇನ್ಸುಲಿನ್ ಬಿಡುವ ಪಂಪ್ ಮೈಗೆ ಹಾಕಿದ್ರೆ ಟ್ಯೂಬ್ ಕಿತ್ತಿಲ್ಲ ಅಂತ ನೋಡ್ಕೊಂಡು, ಕೀಟೋನ್ ಇಲ್ಲದಿದ್ರೆ ಹಾಗೇ ಹೊರಡಿ, ಮೊದಲ ಅರ್ಧ ಗಂಟೆ ಜೆಲ್ ಮುಟ್ಬೇಡಿ. ಕದ್ರಿ ಗುಡ್ಡೆ ಪದೇ ಪದೇ ಹತ್ತಿದಾಗ, ಟ್ರ್ಯಾಕಲ್ಲಿ ಇಂಟರ್ವಲ್ (ಸ್ವಲ್ಪ ಜೋರು, ಸ್ವಲ್ಪ ನಿಧಾನ, ಮತ್ತೆ ಜೋರು) ಮಾಡಿದಾಗಲೂ ಹೀಗೇ ಏರ್ತದೆ. ಮುಗಿದ ಮೇಲೂ ಇಳಿಯದಿದ್ರೆ ಯಾವಾಗ್ಲೂ ತಗೊಳ್ಳುವ ಕರೆಕ್ಷನ್‌ನ ಅರ್ಧ ಸಾಕು.

ಸಂಜೆ ಚಂದ ಓಡಿದೆ, ರಾತ್ರಿ ಎರಡು ಗಂಟೆಗೆ ಶುಗರ್ 48. ಇದೆಂತ ಕಥೆ?

ಓಟ ನಿಂತ್ರೂ ಸ್ನಾಯುಗಳು ಖಾಲಿಯಾದ ಗ್ಲೈಕೋಜನ್ (ಕೂಡಿಟ್ಟ ಗ್ಲುಕೋಸ್) ತುಂಬಿಸ್ತಾ ಇರ್ತವೆ, ಇನ್ಸುಲಿನ್‌ಗೂ ಜಾಸ್ತಿ ಸ್ಪಂದಿಸ್ತವೆ, ಇದು 24 ಗಂಟೆ ತನಕ ಇರ್ಬಹುದು. ಸಂಜೆ ಓಡಿದ್ರೆ ಅದ್ರ ಹೊಡೆತ ಸರಿ ನಿದ್ದೆಯ ಹೊತ್ತಿಗೆ ಬರುದು. ರಾತ್ರಿ ಬೇಸಲ್ 20 ಶೇಕಡಾ ಕಮ್ಮಿ ಮಾಡುದು, ಮಲಗುವ ಮೊದ್ಲು ಇನ್ಸುಲಿನ್ ಹಾಕದೆ ಸ್ವಲ್ಪ ತಿನ್ನುದು, ಇವೆರಡೇ ಮುಖ್ಯ ದಾರಿ. ಡೆಗ್ಲುಡೆಕ್ ತರದ ಉದ್ದದ ಬೇಸಲ್ ಇದ್ದವರಿಗೆ ಒಂದು ರಾತ್ರಿಗೆ ಇಳಿಸಿದ್ರೆ ಕೂಡ್ಲೆ ಗೊತ್ತಾಗುದಿಲ್ಲ, ಅವ್ರು ತಿನ್ನುದನ್ನೇ ನಂಬ್ಬೇಕು. ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು ನನಗೆ ಸರಿಯಾಗ್ತದೆ. ಸೆನ್ಸರ್ ಇಲ್ಲದಿದ್ರೆ ಉದ್ದ ಓಟದ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಒಮ್ಮೆ ಚುಚ್ಚಿ, ಪಿಜಿಯಲ್ಲಿ ಒಬ್ಬರೇ ಇರುವವ್ರು ಪಕ್ಕದ ರೂಮಿನವರಿಗೆ ಹೇಳಿಡಿ. ರೇಸ್ ಮುಗಿದ ಖುಷಿಗೆ ಬಿಯರ್ ಹಾಕುವವರಿಗೆ ಒಂದು ಮಾತು, ಲಿವರ್ ಆಲ್ಕೋಹಾಲಲ್ಲಿ ಬ್ಯುಸಿ ಇದ್ರೆ ಗ್ಲುಕೋಸ್ ಬಿಡುದಿಲ್ಲ, ಅದೂ ಲೋದ ದಾರಿಯೇ.

ಪಂಪ್ ಇಲ್ಲದೆ ಮ್ಯಾರಥಾನ್ ಆಗುದಿಲ್ಲ ಅಂತ ಹೇಳ್ತಾರಲ್ಲ?

ಆಗ್ತದೆ, ಪೆನ್ನಲ್ಲೇ ಓಡುವವ್ರು ಬೇಕಾದಷ್ಟಿದ್ದಾರೆ. ಪಂಪಿನ ಲಾಭ ಒಂದೇ, ಓಟಕ್ಕೆ ಒಂದೂವರೆ ಗಂಟೆ ಮೊದ್ಲೇ ಬೇಸಲ್ 50ರಿಂದ 80 ಶೇಕಡಾ ಇಳಿಸ್ಬಹುದು. ಹೊರಡುವ ನಿಮಿಷದಲ್ಲಿ ಇಳಿಸಿದ್ರೆ ಪ್ರಯೋಜನ ಕಮ್ಮಿ. ಪೂರ್ತಿ ಕಳಚಿಟ್ಟು ಎರಡು ಗಂಟೆಗಿಂತ ಹೆಚ್ಚು ಇದ್ರೆ ಕೀಟೋನ್ ಶುರುವಾಗ್ಬಹುದು. ಬೆಲೆ ಲಕ್ಷದ ಮೇಲೆ, ತಿಂಗಳ ಖರ್ಚು ಬೇರೆ. ಅಷ್ಟು ದುಡ್ಡಿಲ್ಲದವರಿಗೆ ನಾನು ಮೊದ್ಲು ಸೆನ್ಸರ್ ತಗೊಳ್ಳಿ ಅಂತಲೇ ಹೇಳುದು.

ಇನ್ಸುಲಿನ್ ಡೋಪಿಂಗ್ ಲಿಸ್ಟಲ್ಲಿ ಉಂಟಂತೆ, ಹೌದಾ?

ಹೌದು, ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿ ಉಂಟು. ಊರಿನ 10ಕೆ ಓಡುವವ್ರು ತಲೆ ಕೆಡಿಸ್ಕೊಳ್ಳುದು ಬೇಡ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಹುಡುಗ ಹುಡುಗಿಯರು ಟಿಯುಇ ಅಂತ ಚಿಕಿತ್ಸೆಯ ವಿನಾಯಿತಿಗೆ ಮೊದ್ಲೇ ಅರ್ಜಿ ಹಾಕ್ಬೇಕು, ನಮ್ಮ ದೇಶದಲ್ಲಿ ಅದನ್ನು ನೋಡುದು ನಾಡಾ, ಅಂದ್ರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ. ಟೈಪ್ ಒನ್ ಅಂತ ಮೊದಲು ಗೊತ್ತಾದಾಗಿನ ರಿಪೋರ್ಟು, ಈಗಿನ ಚೀಟಿ, ಡಾಕ್ಟ್ರ ಪತ್ರ ಒಂದು ಫೈಲಲ್ಲಿ ಇಟ್ಕೊಳ್ಳಿ, ಹಳೇ ರಿಪೋರ್ಟು ಸಿಗದಿದ್ರೆ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಲ್ಲಿ ಕೇಳಿ, ಮೀಟ್ ಹತ್ರ ಬಂದ ಮೇಲೆ ಓಡಾಡಿದ್ರೆ ಸಮಯ ಸಾಲುದಿಲ್ಲ.